ಒಂದು ಚಮಚ ಹೆಪ್ಪು

ಓಬಳಮ್ಮ ಜನರನ್ನು ಗುರುತು ಹಿಡಿಯುತ್ತಿದ್ದದ್ದು ಪಾದ ನೋಡಿ. ಒಡೆದ ಹಿಮ್ಮಡಿ ಕಂಡರೆ ಎದುರುಮನೆ ನಿಂಗಜ್ಜಿ. ನೀಲಿ ಹವಾಯಿ ಚಪ್ಪಲಿ ಕಂಡರೆ ಆಶಾ ಕಾರ್ಯಕರ್ತೆ ಮುಬೀನಾ. ಕಾಲುಂಗುರದ ಪಕ್ಕದಲ್ಲಿ ಮಚ್ಚೆ ಕಂಡರೆ ಸೊಸೆ ಶಶಿಕಲಾ. ಯಾರದಾದರೂ ಮುಖ ನೋಡಬೇಕೆಂದರೆ ಮಂಚದ ಮೇಲೆ ಒಂದು ಮಗ್ಗುಲಾಗಿ ಮಲಗಿ, ಅವರನ್ನು ಹತ್ತಿರ ಕರೆದು ನೋಡಬೇಕಿತ್ತು. ಅಷ್ಟೆಲ್ಲ ಯಾರು ಮಾಡುತ್ತಾರೆ? ಮದುವೆಮನೆಗೆ ಹೋದರೂ ಮದುಮಗಳ ಕಾಲಿನ ಮೆಹಂದಿ ನೋಡಿಕೊಂಡು, ಊಟ ಮಾಡಿ ಬಂದುಬಿಡುತ್ತಿದ್ದಳು. ಆಗ ಅವಳಿಗೆ ಐವತ್ತು ದಾಟಿ ಎರಡೋ ಮೂರೋ ವರ್ಷವಾಗಿತ್ತು, ಅಷ್ಟೇ.

ಹುಟ್ಟಿನಿಂದ ಬಂದ ಗೂನಲ್ಲ ಅದು. ಕಾರೇಗುಂಟೆಯ ಕೊಳವೆಬಾವಿ ಕೊಟ್ಟದ್ದು. ಆಂಧ್ರದ ಗಡಿಗೆ ಒತ್ತಿಕೊಂಡಿರುವ ಆ ಊರಿನ ನೀರು ನೋಡಲು ತಿಳಿ, ಕುಡಿಯಲು ಸಿಹಿ. ಒಳಗೆ ಕರಗಿದ್ದ ಫ್ಲೋರೈಡ್ ಮಾತ್ರ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಮೊದಲು ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಬೀಳುತ್ತಿತ್ತು. ಆಮೇಲೆ ನಿಧಾನವಾಗಿ ಮೂಳೆ ದಪ್ಪವಾಗಿ, ಬೆನ್ನುಮೂಳೆಯ ಒಂದು ಮಣಿ ಇನ್ನೊಂದಕ್ಕೆ ಬೆಸೆದುಕೊಂಡು, ಬೆನ್ನು ಬಗ್ಗಿದ್ದು ಬಗ್ಗಿದ ಹಾಗೇ ಗಟ್ಟಿಯಾಗಿಬಿಡುತ್ತಿತ್ತು. ಶುದ್ಧ ನೀರಿನ ಘಟಕ ಬಂತು, ಬರಲಿಲ್ಲವೆಂದಲ್ಲ. ಆದರೆ ಬರುವ ಹೊತ್ತಿಗೆ ಅರ್ಧ ಊರು ನೆಲ ನೋಡಿಕೊಂಡು ನಡೆಯುತ್ತಿತ್ತು. ಮೂಳೆಯೊಳಗೆ ಸೇರಿಹೋದದ್ದನ್ನು ಹೊರಗೆ ತೆಗೆಯುವ ಮದ್ದು ಯಾವ ದೇಶದಲ್ಲೂ ಇರಲಿಲ್ಲ.

ತಂಗಿ ವನಜಾಕ್ಷಿ ಇದರಿಂದ ಪಾರಾದಳು. ಪಾರಾದದ್ದೂ ಅಕ್ಕನ ದೆಸೆಯಿಂದಲೇ. ಅವ್ವ ತೀರಿಕೊಂಡಾಗ ವನಜಾಕ್ಷಿ ಇನ್ನೂ ಚಿಕ್ಕವಳು. "ಇವಳಾದ್ರೂ ಓದ್ಲಿ" ಎಂದು ಅಪ್ಪನ ಹತ್ತಿರ ಜಗಳ ಆಡಿ, ತುಮಕೂರಿನ ಹಾಸ್ಟೆಲಿಗೆ ತಾನೇ ಹೋಗಿ ಬಿಟ್ಟುಬಂದವಳು ಓಬಳಮ್ಮ. ಒಬ್ಬಳು ಹಾಸ್ಟೆಲಿನ ನೀರು ಕುಡಿದು ಬೆಳೆದಳು, ಇನ್ನೊಬ್ಬಳು ಊರಿನ ನೀರು ಕುಡಿದು ಬೆಳೆದಳು. ಅಕ್ಕತಂಗಿಯರ ನಡುವಿನ ವ್ಯತ್ಯಾಸ ಇಷ್ಟೇ. ವನಜಾಕ್ಷಿ ಓದಿ, ಡಾಕ್ಟರೇಟು ಪಡೆದು, ದೊಡ್ಡ ಸಂಶೋಧನಾ ಕೇಂದ್ರವೊಂದರಲ್ಲಿ ವಿಜ್ಞಾನಿಯಾದಳು. ಊರಿಗೆ ಬಂದಾಗೆಲ್ಲ ಅಕ್ಕ ಹೊಸಿಲಿನಲ್ಲಿ ಅವಳ ಪಾದ ನೋಡಿ, "ನಮ್ ವನಜ ಬಂದ್ಲು!" ಎಂದು ನಗುತ್ತಿದ್ದಳು. ಅಕ್ಕ ನಗುತ್ತಿದ್ದದ್ದು ತನ್ನ ಮುಖ ನೋಡಿ ಅಲ್ಲ, ಪಾದ ನೋಡಿ ಎನ್ನುವುದನ್ನು ವನಜಾಕ್ಷಿಗೆ ಸಹಿಸಲಾಗುತ್ತಿರಲಿಲ್ಲ. ಈ ಬೆನ್ನನ್ನು ನೆಟ್ಟಗೆ ಮಾಡಿಯೇ ತೀರುತ್ತೇನೆ ಎಂದು ಅವಳು ಮನಸ್ಸಿನಲ್ಲಿ ಆಣೆ ಇಟ್ಟುಕೊಂಡಿದ್ದಳು. ಬದುಕಿನಲ್ಲಿ ಅವಳಿಗೆ ಬೇರೆ ದೊಡ್ಡ ಆಸೆ ಇತ್ತೆಂದು ಯಾರೂ ಹೇಳುವಂತಿಲ್ಲ.

ಅವಳು ಕಂಡುಹಿಡಿದ ಉಪಾಯ ಕೇಳಲು ಸರಳವಾಗಿತ್ತು. ಹಾಲನ್ನು ಮೊಸರು ಮಾಡುವ ಬ್ಯಾಕ್ಟೀರಿಯಾ ಇದೆಯಲ್ಲ, ಅದಕ್ಕೆ ಒಂದು ಹೊಸ ಜೀನ್ ಸೇರಿಸುವುದು. ಅದು ಕರುಳಿನಲ್ಲಿ ನೆಲೆಯೂರಿ ಒಂದು ಪ್ರೋಟೀನ್ ತಯಾರಿಸುತ್ತದೆ. ಆ ಪ್ರೋಟೀನ್ ರಕ್ತಕ್ಕಿಳಿದು, ಫ್ಲೋರೈಡ್ ತುಂಬಿದ ಮೂಳೆ ಎಲ್ಲಿದೆಯೆಂದು ಹುಡುಕಿ ಅಂಟಿಕೊಳ್ಳುತ್ತದೆ. ಹಳೆಯ ಮೂಳೆಯನ್ನು ಕರಗಿಸುವ ಕೋಶಗಳು ನಮ್ಮೆಲ್ಲರ ಮೈಯಲ್ಲೂ ಇವೆ. ಅವು ಈ ಪ್ರೋಟೀನ್ ಅಂಟಿದ ಜಾಗಕ್ಕೆ ಬಂದು ಕೆಲಸ ಶುರುಮಾಡುತ್ತವೆ. ಕೆಟ್ಟ ಮೂಳೆ ಕರಗುತ್ತದೆ, ಆ ಜಾಗದಲ್ಲಿ ಒಳ್ಳೆಯದು ಬೆಳೆಯುತ್ತದೆ.

ಮೊಸರಿನ ರೂಪದಲ್ಲೇ ಕೊಡೋಣ ಎಂದದ್ದು ಅವಳ ಸಹೋದ್ಯೋಗಿ ಪ್ರಹ್ಲಾದ. "ಮಾತ್ರೆ ಕೊಟ್ರೆ ನಾಲ್ಕು ದಿನ ನುಂಗಿ ಗೂಡಲ್ಲಿ ಇಟ್ಟುಬಿಡ್ತಾರೆ ಮೇಡಂ. ಮೊಸರಾದ್ರೆ ಬೆರಳಲ್ಲಿ ಬಳಿದು ತಿಂತಾರೆ" ಎಂದಿದ್ದ. ಇಬ್ಬರೂ ನಕ್ಕಿದ್ದರು.

ಅಪಾಯ ಗೊತ್ತಿರಲಿಲ್ಲವೆಂದಲ್ಲ, ಚೆನ್ನಾಗಿಯೇ ಗೊತ್ತಿತ್ತು. ಕೆಟ್ಟ ಮೂಳೆ ಮುಗಿದ ಮೇಲೂ ಆ ಪ್ರೋಟೀನ್ ಬರುತ್ತಲೇ ಇದ್ದರೆ ಅದು ಒಳ್ಳೆಯ ಮೂಳೆಗೂ ಬಾಯಿ ಹಾಕುತ್ತದೆ. ಅವಧಿ ಮೀರಿ ಕೊಟ್ಟ ಇಲಿಗಳು ಗೂಡಿನಲ್ಲಿ ರಾಗಿಮುದ್ದೆಯ ಹಾಗೆ ಬಿದ್ದಿದ್ದನ್ನು ಇಬ್ಬರೂ ನೋಡಿದ್ದರು. ಅದಕ್ಕೇ ಬೀಗವೊಂದನ್ನು ಹಾಕಿದರು. ಈ ಬ್ಯಾಕ್ಟೀರಿಯಾ ಬದುಕಬೇಕೆಂದರೆ ಪ್ರಯೋಗಾಲಯದಲ್ಲಿ ಮಾತ್ರ ಸಿಗುವ ಒಂದು ಪೋಷಕ ಬೇಕೇಬೇಕು. ಅದನ್ನು ಮೊಸರಿನ ಡಬ್ಬಿಯಲ್ಲಿ ಬೆರೆಸಿ ಕೊಡುತ್ತಿದ್ದರು. ಮೂರು ತಿಂಗಳಿಗೆ ಡಬ್ಬಿ ನಿಲ್ಲಿಸಿದರೆ ಅದಕ್ಕೆ ಉಪವಾಸ, ಹೊಟ್ಟೆಯೊಳಗೇ ಸತ್ತುಹೋಗುತ್ತದೆ. ತಜ್ಞರ ಸಮಿತಿ ಹಿಂದೆಮುಂದೆ ಕೆದಕಿ ಕೇಳಿ ಒಪ್ಪಿಗೆ ಕೊಟ್ಟಿತು. ಪ್ರಯೋಗಕ್ಕೆ ಕಾರೇಗುಂಟೆಯಲ್ಲಿ ನಲವತ್ತು ಜನರನ್ನು ಆರಿಸಿದರು. ಓಬಳಮ್ಮ ಅವರಲ್ಲೊಬ್ಬಳು. ಅದಕ್ಕಾಗಿ ವನಜಾಕ್ಷಿ ಯಾರ ಕೈಕಾಲೂ ಹಿಡಿಯಬೇಕಾಗಲಿಲ್ಲ. ಅಕ್ಕನ ಬೆನ್ನೇ ಸಾಕಾಗಿತ್ತು.

ನಿಯಮ ಒಂದೇ. ದಿನಕ್ಕೊಂದು ಡಬ್ಬಿ, ಪೂರ್ತಿ ಖಾಲಿ ಮಾಡಬೇಕು. ಡಬ್ಬಿ ಹಂಚುವ ಕೆಲಸ ಮುಬೀನಾಳದು. ಪಾಪ, ಅವಳು ಬೆಳಿಗ್ಗೆಯೆಲ್ಲ ಮನೆಮನೆ ತಿರುಗಿ ಕೊಟ್ಟು, ಖಾಲಿ ಡಬ್ಬಿಗಳನ್ನು ಎಣಿಸಿ ವಾಪಸು ತರುತ್ತಿದ್ದಳು. ಒಂದು ಡಬ್ಬಿಯೂ ತಪ್ಪಲಿಲ್ಲ.

ಎರಡನೆಯ ತಿಂಗಳಲ್ಲಿ ಒಂದು ಭಾನುವಾರ ವನಜಾಕ್ಷಿ ಊರಿಗೆ ಬಂದಳು. ಹೊಸಿಲು ದಾಟುವಾಗ ಅಕ್ಕ ಒಲೆಯ ಮುಂದಿನಿಂದಲೇ ತಿರುಗಿದಳು. "ವನಜ ಬಂದ್ಲು" ಎಂದಳು. ಆಮೇಲೆ ಕತ್ತನ್ನು ಇನ್ನೊಂಚೂರು ಎತ್ತಿ, "ಸೀರೆ ಹೊಸದೇನೇ?" ಎಂದಳು.

ಅಕ್ಕನ ಕಣ್ಣು ವನಜಾಕ್ಷಿಯ ಪಾದ ಬಿಟ್ಟು ಮೇಲೇರಿ, ಸೊಂಟದವರೆಗೆ ಬಂದಿತ್ತು! ಎಷ್ಟೋ ವರ್ಷದಿಂದ ಆ ಕಣ್ಣು ಅಷ್ಟು ಮೇಲೆ ಬಂದಿರಲಿಲ್ಲ. ಸೊಸೆ ಶಶಿಕಲಾ ಒಳಗಿನಿಂದ ಬಂದು, "ದಿನಾ ಒಂದೊಂದು ಗೆಣ್ಣು ಮೇಲಕ್ಕೇಳ್ತಾವ್ರೆ ಚಿಕ್ಕತ್ತೆ" ಎಂದು ಕಣ್ಣೊರೆಸಿಕೊಂಡಳು. ಮೊಮ್ಮಗಳು ಭುವನ, ಏಳು ವರ್ಷದ ತುಂಟಿ, ಅಜ್ಜಿಯ ಮುಂದೆ ನಿಂತು "ನನ್ ಗಲ್ಲ ಕಾಣ್ತೈತಾ? ಮೂಗು ಕಾಣ್ತೈತಾ?" ಎಂದು ಕುಣಿಯುತ್ತಿತ್ತು.

ಎಲ್ಲ ಕೆಟ್ಟದ್ದೂ ನಡೆದದ್ದು ಆ ಸಂತೋಷದ ನಡುವೆಯೇ. ಓಬಳಮ್ಮ ಅಂದಿನ ಡಬ್ಬಿಯ ಮೊಸರು ತಿಂದಳು. ತಳದಲ್ಲಿ ಒಂದು ಚಮಚದಷ್ಟು ಉಳಿಯಿತು. ಅದನ್ನು ಬೆರಳಿನಿಂದ ಬಳಿದು, ಉಗುರುಬೆಚ್ಚಗಿದ್ದ ಹಾಲಿನ ಗಡಿಗೆಗೆ ಹಾಕಿ, ಕಲಕಿ, ತಟ್ಟೆ ಮುಚ್ಚಿದಳು.

"ಅಕ್ಕಾ, ಏನ್ಮಾಡ್ತಿದ್ದೀಯ?"

"ಹೆಪ್ಪು ಹಾಕ್ದೆ ಕಣೆ. ನಿನ್ ಮೊಸ್ರು ಏನ್ ಚೆಂದ ಹೆಪ್ಪುಗಟ್ತದೆ ಅಂತೀಯಾ! ಗಡಿಗೆ ಬೋರಲು ಹಾಕಿದ್ರೂ ಬೀಳಾಕಿಲ್ಲ."

"ಅದು ಔಷಧಿ ಅಕ್ಕ. ಪೂರ್ತಿ ತಿನ್ಬೇಕು ಅಂತ ಹೇಳಿರಲಿಲ್ವಾ?"

"ತಿಂದ್ನಲ್ಲೇ. ತಳದ್ದು ಒಂದ್ ಚಮಚ ಉಳಿಸ್ದೆ. ಮೊಸ್ರನ್ನ ಪೂರ್ತಿ ಬಳಿದು ತಿನ್ನೋ ಮನೆ ಎಲ್ಲಾದ್ರೂ ಐತಾ? ನಾಳಿಕ್ಕೆ ಹೆಪ್ಪಿಗೇನ್ ಮಾಡೋದು?"

ಅಕ್ಕ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ವನಜಾಕ್ಷಿ ಹುಟ್ಟಿದ್ದೂ ಇದೇ ಮನೆಯಲ್ಲಿ; ಮದುವೆಯಾದ ಮೇಲೂ ಅಕ್ಕ ತವರಿನಲ್ಲೇ ಉಳಿದಿದ್ದಳು. ಗಡಿಗೆಯ ತಳದ ಮೊಸರಿಗೆ ಕೈ ಹಾಕಿದಾಗ ಅವ್ವ ಕೈಮೇಲೆ ಪಟ್ಟನೆ ಹೊಡೆಯುತ್ತಿದ್ದದ್ದು ಅವಳಿಗೂ ನೆನಪಿತ್ತು. ಊರಿನ ಯಾವ ಹೆಂಗಸೂ ಮೊಸರಿನ ಪಾತ್ರೆಯನ್ನು ಪೂರ್ತಿ ಖಾಲಿ ಮಾಡುವುದಿಲ್ಲ. ಖಾಲಿ ಮಾಡು ಎಂದು ಸರ್ಕಾರವೇ ಹೇಳಿದರೂ ಮಾಡುವುದಿಲ್ಲ. ವರ್ಷಗಟ್ಟಲೆ ಕುಳಿತು ನಿಯಮ ಬರೆದ ಅವಳಿಗೆ ಈ ಒಂದು ಚಮಚ ಮಾತ್ರ ಹೊಳೆದಿರಲಿಲ್ಲ.

"ಯಾವಾಗಿಂದ ಹೀಗೆ ಮಾಡ್ತಿದ್ದೀಯ?"

"ಮೊದಲ್ನೇ ದಿನದಿಂದ. ಯಾಕೆ, ತಪ್ಪಾ?"

ತಪ್ಪು ಎಂದರೆ ಅದನ್ನು ಬರೆದು ತಿಳಿಸಬೇಕು. ತಿಳಿಸಿದರೆ ನಿಯಮ ಮುರಿದ ರೋಗಿಯನ್ನು ಅಂದೇ ಪ್ರಯೋಗದಿಂದ ಕೈಬಿಡುತ್ತಾರೆ. ಸೊಂಟದವರೆಗೆ ಎದ್ದಿರುವ ಆ ಕಣ್ಣು ಅಲ್ಲಿಗೇ ನಿಂತುಬಿಡುತ್ತದೆ. ಒಂದು ಚೂರು ಮೊಸರನ್ನು ಸೀಸೆಗೆ ಹಾಕಿಕೊಂಡು ಹೋಗಿ ಪರೀಕ್ಷೆ ಮಾಡಿದ್ದರೆ ಎಲ್ಲವೂ ಅಲ್ಲಿಗೇ ಗೊತ್ತಾಗುತ್ತಿತ್ತು. ಆದರೆ ಪರೀಕ್ಷೆ ಮಾಡಿದರೆ ಅದಕ್ಕೂ ದಾಖಲೆ ಇರುತ್ತದೆ. ಬರೀ ಹಾಲಿನಲ್ಲಿ ಆ ಪೋಷಕ ಇಲ್ಲವಲ್ಲ, ಎರಡು ದಿನದಲ್ಲಿ ಸಾಯುತ್ತದೆ, ಬೀಗ ಇದ್ದೇ ಇದೆ ಎಂದು ವನಜಾಕ್ಷಿ ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡದ್ದನ್ನು ನಂಬಿದಳು.

"ತಪ್ಪೇನಿಲ್ಲ. ಇನ್ಮೇಲೆ ಹಾಕ್ಬೇಡ, ಅಷ್ಟೇ" ಎಂದಳು.

"ಆಯ್ತು ಬಿಡು" ಎಂದಳು ಅಕ್ಕ, ಮಗುವಿನ ಹಟಕ್ಕೆ ಹೂಂಗುಟ್ಟುವ ಹಾಗೆ. ಮಧ್ಯಾಹ್ನ ಮೊಸರನ್ನ ಬಡಿಸಿದಳು. ವನಜಾಕ್ಷಿ ಎರಡು ಸಲ ಹಾಕಿಸಿಕೊಂಡು ತಿಂದಳು.

ಮೂರನೆಯ ತಿಂಗಳು ಮುಗಿಯುವಷ್ಟರಲ್ಲಿ ಓಬಳಮ್ಮ ಎದ್ದು ನಿಂತಳು. ಏನು ಹೇಳೋಣ ಆ ದಿನವನ್ನು! ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ಮೊದಲು ಎದುರುಮನೆಯ ಹೆಂಚು ನೋಡಿದಳು, ಆಮೇಲೆ ಅದರ ಮೇಲಿನ ಆಕಾಶ ನೋಡಿದಳು. ನಿಂಗಜ್ಜಿ ಎದುರಿಗೆ ಬಂದರೆ, "ಅಯ್ಯೋ ನಿನ್ನ! ಇಷ್ಟು ಮುದುಕಿ ಆಗೋಗಿದ್ದೀಯೇನೇ?" ಎಂದು ನಗಾಡಿದಳು. ಭುವನಳ ಮುಖವನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, "ಇವಳ ಹುಬ್ಬು ನಮ್ಮವ್ವನ ಹುಬ್ಬು ಕಣೆ ವನಜ. ಯಾರೂ ಹೇಳ್ಳೇ ಇಲ್ವಲ್ಲೇ ನಂಗೆ" ಎಂದಳು. ಆ ವಾರವೆಲ್ಲ ಬೀದಿಬೀದಿ ತಿರುಗಿ ಜನರ ಮುಖ ನೋಡಿಕೊಂಡು ಬಂದಳು. ಪಾದ ಗೊತ್ತಿದ್ದವರ ಮುಖ ಗೊತ್ತಾಗದೆ, ಕಾಲು ನೋಡಿ ಮತ್ತೆ ತಲೆ ಎತ್ತುತ್ತಿದ್ದಳು. ವನಜಾಕ್ಷಿ ಅವಳ ಹಿಂದೆಯೇ ನಡೆಯುತ್ತ, ಬದುಕಿದ್ದಕ್ಕೂ ಸಾರ್ಥಕವಾಯಿತು ಎಂದುಕೊಂಡಳು.

ಡಬ್ಬಿ ನಿಂತಿತು. ಹೆಪ್ಪು ನಿಲ್ಲಲಿಲ್ಲ.

ನಲವತ್ತು ಜನರ ಮನೆಯಲ್ಲೂ ನಡೆದದ್ದು ಅದೇ. ತಳದ ಒಂದು ಚಮಚ ಎಲ್ಲರೂ ಉಳಿಸಿದ್ದರು. ನಾಳೆಯ ಹಾಲಿಗೆ ಇಂದಿನ ಮೊಸರು, ನಾಡಿದ್ದಿನ ಹಾಲಿಗೆ ನಾಳೆಯ ಮೊಸರು. ಪಕ್ಕದ ಮನೆಯವಳು ಲೋಟ ಹಿಡಿದು ಬಂದು "ಒಂದ್ ಚೂರು ಹೆಪ್ಪು ಕೊಡ್ರವ್ವ" ಎಂದರೆ ಇಲ್ಲ ಎನ್ನುವ ಬಾಯಿ ಆ ಊರಿನಲ್ಲಿ ಇರಲಿಲ್ಲ. ದೀಪ ಹಚ್ಚಿದ ಮೇಲೆ ಮಾತ್ರ ಕೊಡುವುದಿಲ್ಲ, ಅದೊಂದು ಬಿಟ್ಟರೆ ಯಾವಾಗ ಕೇಳಿದರೂ ಉಂಟು. ಓಬಳಮ್ಮನ ಮನೆಯ ಹೆಪ್ಪಿಗಂತೂ ಬೇಡಿಕೆಯೋ ಬೇಡಿಕೆ. ಪ್ರಯೋಗಕ್ಕೆ ಆಯ್ಕೆಯಾಗದೆ ಉಳಿದ ಗೂನುಬೆನ್ನಿನವರು ಕದ್ದುಮುಚ್ಚಿ ಬಂದು ಕೇಳುತ್ತಿದ್ದರು. ಅವಳಿಗೂ ಅವರ ಕಷ್ಟ ಗೊತ್ತು, ಹೇಗೆ ತಾನೇ ಇಲ್ಲ ಎನ್ನುತ್ತಾಳೆ? ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟ ಹೆಣ್ಣುಮಕ್ಕಳು ಬುತ್ತಿಯ ಜೊತೆಗೆ ಸಣ್ಣ ಡಬ್ಬಿಯಲ್ಲಿ ಹೆಪ್ಪು ಒಯ್ದರು. ತಾಲ್ಲೂಕಿನ ಅರ್ಧ ಊರುಗಳಲ್ಲಿ ಗಟ್ಟಿಮೊಸರು ಆಗತೊಡಗಿತು.

ಅದಾಗಿ ಒಂದು ವರ್ಷ ಕಳೆದಿರಬಹುದು. ವನಜಾಕ್ಷಿ ಪ್ರಯೋಗಾಲಯದಲ್ಲಿ ಎರಡನೆಯ ಹಂತದ ತಯಾರಿಯಲ್ಲಿದ್ದಾಗ ಶಶಿಕಲಾಳ ಫೋನು ಬಂತು.

"ಚಿಕ್ಕತ್ತೆ, ಭುವನ... ಕುಂಟೆಬಿಲ್ಲೆ ಆಡ್ತಾ ಇದ್ಲು. ಒಂಟಿಕಾಲಲ್ಲಿ ಕುಪ್ಪಳಿಸಿ ಊರಿದ್ಲು. ಕಾಲು ಮಡಚ್ಕೊಂಡ್ತು."

"ಬಿದ್ಲಾ? ಮುರೀತಾ?"

"ಇಲ್ಲ ಚಿಕ್ಕತ್ತೆ. ಮುರಿದಿದ್ರೆ ಸದ್ದಾದ್ರೂ ಬರ್ತಿರ್ಲಿಲ್ವಾ? ಮಂಡಿ ಕೆಳಗೆ ಬಾಗೈತೆ. ನೋವೇ ಇಲ್ಲ ಅಂತಾಳೆ. ಕೈಯಲ್ಲಿ ನೆಟ್ಟಗೆ ಮಾಡಿದ್ರೆ ನೆಟ್ಟಗಾಯ್ತದೆ, ಬಿಟ್ರೆ ಮತ್ತೆ ಬಾಗ್ತದೆ. ನಂಗೆ ಮುಟ್ಟಾಕೇ ಭಯ ಆಯ್ತೈತೆ."

ಗೂಡಿನಲ್ಲಿ ಮುದ್ದೆಯಾಗಿ ಬಿದ್ದಿದ್ದ ಇಲಿಗಳು ವನಜಾಕ್ಷಿಯ ಕಣ್ಣಮುಂದೆ ಬಂದವು.

ಅವಳು ಊರು ಮುಟ್ಟುವಷ್ಟರಲ್ಲಿ ಮುಬೀನಾ ಬಸ್‌ಸ್ಟಾಂಡಿಗೇ ಬಂದು ನಿಂತಿದ್ದಳು. ಒಂದೇ ಉಸಿರಿಗೆ ಎಲ್ಲ ಹೇಳಿದಳು. ನಿಂಗಜ್ಜಿ ತೋಳು ತಲೆದಿಂಬು ಮಾಡಿಕೊಂಡು ಮಲಗಿದ್ದವಳು ಎದ್ದರೆ ತೋಳು ತಲೆಯ ಆಕಾರಕ್ಕೆ ಬಾಗಿಹೋಗಿತ್ತು. ಕಬ್ಬಿಣದ ಅಂಗಡಿಯ ಹನೀಫ್ ಸಾಹೇಬರು ತಕ್ಕಡಿ ಎತ್ತಿದಾಗ ಮುಂಗೈ ಹಸಿ ಬಳ್ಳಿಯಂತೆ ಜೋತುಬಿದ್ದಿತ್ತು. "ಕೆರೆಬೀದಿ ಬಾಣಂತಿ ಮೇಡಂ..." ಎಂದು ಶುರುಮಾಡಿ ಮುಬೀನಾ ಬಾಯಿಗೆ ಸೆರಗು ತುರುಕಿಕೊಂಡಳು. ಆ ಹುಡುಗಿ ಮಗುವಿಗೆ ಎಣ್ಣೆ ನೀವಿ ನೀರು ಹಾಕುವಾಗ, ನೆತ್ತಿಯ ಮೇಲೆ ಅವಳ ನಾಲ್ಕು ಬೆರಳಿನ ಅಚ್ಚು ಹಾಗೇ ಉಳಿದುಬಿಟ್ಟಿತ್ತು. ಮಗು ಎರಡು ದಿನ ಉಳಿಯಿತು. ತಾಯಿ ತಿಂದ ಮೊಸರು ಎದೆಹಾಲಿನಲ್ಲಿ ಇಳಿದಿತ್ತು. ಆ ತಾಯಿ ಈಗಲೂ ತನ್ನ ಕೈ ನೋಡಿಕೊಂಡು ಕೂತಿರುತ್ತಾಳೆ, ಅನ್ನ ಕಲಸುವುದಿಲ್ಲ, ಬೇರೆಯವರು ತಿನ್ನಿಸಬೇಕು.

ಮನೆಗಳಿಂದ ತಂದ ಮೊಸರಿನ ಸೀಸೆಗಳನ್ನು ಪ್ರಯೋಗಾಲಯದ ಮೇಜಿನ ಮೇಲೆ ಸಾಲಾಗಿ ಇಟ್ಟರು. ಪ್ರಹ್ಲಾದ ಫಲಿತಾಂಶ ನೋಡಿದ, ಮತ್ತೆ ಮಾಡಿಸಿದ, ಮತ್ತೆ ನೋಡಿದ.

"ಬೀಗ ಇಲ್ಲ ಮೇಡಂ. ಬರೀ ಹಾಲಲ್ಲಿ ಬದುಕ್ತಾ ಇದೆ. ಅಷ್ಟೇ ಅಲ್ಲ, ನಾವು ಹಾಕಿದ ಜೀನು ಮನೆಯ ಹಳೇ ಮೊಸರಿನ ಬ್ಯಾಕ್ಟೀರಿಯಾಕ್ಕೂ ದಾಟಿಬಿಟ್ಟಿದೆ. ಇದು ತಾನಾಗೇ ಆಗೋದಲ್ಲ. ಉಪವಾಸದಲ್ಲಿ ಕೋಟಿಗಟ್ಟಲೆ ಸತ್ತಿರ್ತವೆ. ಸಾಯದೇ ಉಳಿದ ಒಂದೆರಡನ್ನ ಯಾರೋ ಎತ್ತಿ ಹೊಸ ಹಾಲಿಗೆ ಹಾಕಿದಾರೆ. ಮರುದಿನ ಮತ್ತೆ ಹಾಕಿದಾರೆ. ದಿನಾ, ತಪ್ಪದೆ, ಸರಿಯಾದ ಶಾಖದಲ್ಲಿ! ಯಾವ ಲ್ಯಾಬ್ ಮೇಡಂ ಇದನ್ನ ಮಾಡಿದ್ದು?"

"ಲ್ಯಾಬಲ್ಲ. ಅಡುಗೆಮನೆ" ಎಂದಳು ವನಜಾಕ್ಷಿ. "ಹೆಪ್ಪು ಹಾಕಿದಾರೆ ಪ್ರಹ್ಲಾದ್. ತಳದ್ದು ಒಂದು ಚಮಚ ಉಳಿಸಿ."

ಅವನು ದಿಗಿಲಿನಿಂದ ನೋಡಿದ. "ನಿಮಗೆ ಗೊತ್ತಿತ್ತಾ?"

"ಕಣ್ಣಾರೆ ನೋಡಿದ್ದೆ. ಎರಡನೇ ತಿಂಗಳಲ್ಲೇ."

ಪ್ರಹ್ಲಾದ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನಮ್ಮಮ್ಮನೂ ದಿನಾ ಹೆಪ್ಪು ಹಾಕ್ತಾರೆ. ನಂಗೂ ಹೊಳೀಲಿಲ್ಲ ನೋಡಿ" ಎಂದು ಮಾತ್ರ ಹೇಳಿದ. ವನಜಾಕ್ಷಿ ಅಂದೇ ಸಮಿತಿಯ ಮುಂದೆ ಹೋಗಿ ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಅವಳನ್ನು ಕೆಲಸದಿಂದ ದೂರವಿಟ್ಟರು, ವಿಚಾರಣೆ ಶುರುವಾಯಿತು. ಅದು ಅವಳ ಮನಸ್ಸಿಗೆ ತಾಕಲೂ ಇಲ್ಲ.

ಮುಂದಿನದನ್ನು ನೆನೆಸಿಕೊಂಡರೆ ಕಾರೇಗುಂಟೆಯವರಿಗೆ ಇಂದಿಗೂ ಊಟ ಸೇರುವುದಿಲ್ಲ. ಮೈಕು ಕಟ್ಟಿದ ಜೀಪು ಬೀದಿಬೀದಿ ತಿರುಗಿತು. ಮನೆಯಲ್ಲಿರುವ ಮೊಸರು, ಮಜ್ಜಿಗೆ, ಬೆಣ್ಣೆ, ಹೆಪ್ಪಿನ ಗಡಿಗೆ, ಎಲ್ಲವನ್ನೂ ತಂದೊಪ್ಪಿಸಬೇಕು ಎಂದು ಕೂಗಿತು. ಕೆರೆಯಂಗಳದಲ್ಲಿ ಗುಂಡಿ ತೋಡಿ, ಸುಣ್ಣ ಸುರಿದು ಎಲ್ಲವನ್ನೂ ಹೂತರು. ನಿಂಗಜ್ಜಿ ಬಾಗಿದ ತೋಳಿನಲ್ಲಿ ತನ್ನ ಗಡಿಗೆ ಅಪ್ಪಿಕೊಂಡು, "ಇದು ನಾನು ಮದ್ವೆಯಾಗಿ ಬರ್ವಾಗ ನಮ್ಮವ್ವ ಕೊಟ್ಟ ಹೆಪ್ಪು ಕಣ್ರಪ್ಪೋ, ಒಂದು ದಿನ ಬಿಟ್ಟಿಲ್ಲ ನಾನು" ಎಂದು ಗೋಳಾಡಿದಳು. ಗಡಿ ದಾಟಿ ಎಷ್ಟು ಊರಿಗೆ ಹೋಗಿದೆಯೋ ಎಂದು ಅಧಿಕಾರಿಗಳು ತಲೆಯ ಮೇಲೆ ಕೈ ಹೊತ್ತು ಕೂತರು.

ಕರುಳಿನಲ್ಲಿದ್ದದ್ದನ್ನು ಕೊಲ್ಲುವ ಔಷಧಿ ಸಿಕ್ಕಿತು, ಅದಕ್ಕೆ ತಡವಾಗಲಿಲ್ಲ. ಆದರೆ ಅದರಲ್ಲೂ ಒಂದು ತೊಡಕಿತ್ತು. ಕರಗುವುದು ನಿಂತ ಮೇಲೆ ಮೂಳೆ ಮತ್ತೆ ಗಟ್ಟಿಯಾಗುತ್ತದೆ. ಗಟ್ಟಿಯಾಗುವಾಗ ಯಾವ ಆಕಾರದಲ್ಲಿದೆಯೋ ಅದೇ ಆಕಾರ ಕಾಯಂ. ಅದಕ್ಕೆ ಶಾಲೆಯ ಹಜಾರದಲ್ಲಿ ಮರದ ಹಲಗೆಗಳನ್ನು ಹಾಸಿ, ಜನರನ್ನು ಮಲಗಿಸಿ, ಕೈಕಾಲಿಗೆ ದಬ್ಬೆ ಕಟ್ಟಿದರು. ಸಾಲಾಗಿ ಮಲಗಿದ್ದರು ಎಲ್ಲ, ಚಿಕ್ಕವರು ದೊಡ್ಡವರು. ನೋವಿಲ್ಲದ್ದರಿಂದ ಕೂಗಾಟವಿಲ್ಲ. ಸೂರು ನೋಡಿಕೊಂಡು ಸುಮ್ಮನೆ ಮಲಗಿದ್ದರು.

ಆ ಹೊತ್ತಿಗೆ ಓಬಳಮ್ಮನ ಬೆನ್ನುಮೂಳೆಯ ಮಣಿಗಳು ಒಂದರ ಮೇಲೊಂದು ಕುಸಿದಿದ್ದವು. ನಿಲ್ಲುವ ಮಾತಿರಲಿ, ಎತ್ತಿ ಕೂರಿಸಿದರೆ ಮೈ ತನ್ನ ಭಾರಕ್ಕೆ ತಾನೇ ಮಡಚಿಕೊಳ್ಳುತ್ತಿತ್ತು. ಕೂರುವ ಭಂಗಿಯಲ್ಲಿ ಗಟ್ಟಿಯಾಗುವ ಹಾಗೆ ಆಧಾರ ಕೊಟ್ಟು ಇಡಬಹುದು, ಮುಂದೆ ಗಾಲಿಕುರ್ಚಿಯಲ್ಲಾದರೂ ಓಡಾಡಬಹುದು ಎಂದರು ಡಾಕ್ಟರು. ಬೆನ್ನು ಮಾತ್ರ ಮೊದಲಿನ ಹಾಗೆ ಬಗ್ಗಿಯೇ ಇರುತ್ತದೆ.

"ಬ್ಯಾಡ" ಎಂದಳು ಓಬಳಮ್ಮ. "ನೆಟ್ಟಗೆ ಮಲಗ್ಸಿಬಿಡ್ರಿ. ಮತ್ತೆ ನೆಲ ನೋಡ್ಕೊಂಡು ಬದುಕಾಕೆ ನನ್ ಕೈಲಿ ಆಗಾಕಿಲ್ಲ. ಮಕ್ಕಳ ಮುಖ ನೋಡಿದ್ದೀನಿ."

ವನಜಾಕ್ಷಿ ಕಾಲು ಹಿಡಿದು ಬೇಡಿಕೊಂಡರೂ ಕೇಳಲಿಲ್ಲ. ಓಬಳಮ್ಮನ ಮಾತಿನಂತೆಯೇ ಹಲಗೆಗೆ ಕಟ್ಟಿದರು. ಪಟ್ಟಿ ಬಿಗಿಯುವಾಗ ಅಕ್ಕ ತಂಗಿಯನ್ನು ಹತ್ತಿರ ಕರೆದಳು. ಪಕ್ಕದ ಹಲಗೆಯ ಮೇಲೆ ಭುವನ ಎರಡೂ ಕಾಲಿಗೆ ದಬ್ಬೆ ಕಟ್ಟಿಸಿಕೊಂಡು ನಿದ್ದೆ ಹೋಗಿತ್ತು.

"ವನಜ, ಅವತ್ತು ನಾನು ಹೆಪ್ಪು ಹಾಕೋದ್ನ ನೋಡ್ದೆಯಲ್ಲ. ನೀನು ಒಂದ್ ಸಲ ಗದರಿದ್ರೆ ಗಡಿಗೆನೇ ಎತ್ತಿ ಬಿಸಾಕ್ತಿದ್ದೆ ಕಣೆ. ಯಾಕೆ ಗದರ್ಲಿಲ್ಲ?"

"ಗದರಿದ್ರೆ ಬರೆದು ತಿಳಿಸ್ಬೇಕಾಗ್ತಿತ್ತು ಅಕ್ಕ. ನಿನ್ನ ಹೆಸರು ತೆಗೆದುಬಿಡ್ತಿದ್ರು. ನೀನು ಎದ್ದು ನಿಲ್ತಿರ್ಲಿಲ್ಲ."

ಓಬಳಮ್ಮ ಪಕ್ಕದ ಹಲಗೆಯ ಕಡೆ ಕಣ್ಣು ಹೊರಳಿಸಿದಳು.

"ನನ್ ಬೆನ್ನಿಗಾಗಿನಾ?" ಎಂದಳು. "ಬಗ್ಗಿದ್ ಬೆನ್ನಾಗೂ ನಾನು ಬದುಕ್ತಾ ಇದ್ನಲ್ಲೇ, ವನಜ."

ವನಜಾಕ್ಷಿ ಅಕ್ಕನ ಅಂಗೈಯಲ್ಲಿ ಮುಖವಿಟ್ಟು ಅತ್ತಳು. ಆ ಕೈ ಅವಳ ತಲೆ ಸವರಲಿಲ್ಲ. ಸವರಿದರೆ ಬೆರಳು ಬಾಗುತ್ತದೆಂದು ಡಾಕ್ಟರು ಹೇಳಿದ್ದರು. ಆದರೆ ಅಕ್ಕ ಸವರದಿದ್ದದ್ದು ಆ ಕಾರಣಕ್ಕೇ ಇರಬಹುದೇ ಎಂಬುದು ಅವಳಿಗೆ ಇವತ್ತಿಗೂ ಗೊತ್ತಿಲ್ಲ, ಕೇಳುವ ಧೈರ್ಯವೂ ಬಂದಿಲ್ಲ.

ಈಗ ವನಜಾಕ್ಷಿ ಕಾರೇಗುಂಟೆಯಲ್ಲೇ ಇದ್ದಾಳೆ. ಅಕ್ಕನಿಗೆ ಮೈ ಒರೆಸುವುದು, ಮಗ್ಗುಲು ತಿರುಗಿಸುವುದು, ಉಣಿಸುವುದು ಅವಳದೇ ಕೆಲಸ. ಓಬಳಮ್ಮನ ಬೆನ್ನು ಗಟ್ಟಿಯಾಗಿದೆ, ಒಂದು ಚೂರೂ ಡೊಂಕಿಲ್ಲ. ಕೂರಲು ಬಾರದು, ಬಗ್ಗಲು ಬಾರದು. ಹೊರಗೆ ಜಗುಲಿಗೆ ಒಯ್ಯಬೇಕೆಂದರೆ ಇಬ್ಬರು ಹಿಡಿದು ಹಲಗೆಯ ಸಮೇತ ಒಯ್ಯಬೇಕು. ಮೊದಲು ನೆಲ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ, ಈಗ ಸೂರಿನ ತೊಲೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಜನ ಬಂದರೆ ಕಾಲಿನ ಸಪ್ಪಳದಲ್ಲಿ ಗುರುತು ಹಿಡಿಯುತ್ತಾಳೆ. ಭುವನಳ ಎಡಗಾಲು ಸರಿಹೋಯಿತು, ಬಲಗಾಲು ಸ್ವಲ್ಪ ಬಾಗಿಯೇ ನಿಂತಿತು. ಓಲಾಡಿಕೊಂಡು ಶಾಲೆಗೆ ಹೋಗುತ್ತಾಳೆ. ಕುಂಟೆಬಿಲ್ಲೆ ಆಡುವವರನ್ನು ಕಟ್ಟೆಯ ಮೇಲೆ ಕೂತು ನೋಡುತ್ತಾಳೆ.

ಊರಿನಲ್ಲಿ ಮತ್ತೆ ಮೊಸರು ಆಗುತ್ತಿದೆ. ಹೆಪ್ಪಿಲ್ಲದಾಗ ಹಳಬರು ಮಾಡುತ್ತಿದ್ದ ಉಪಾಯವೇ ಉಪಾಯ: ಬೆಚ್ಚಗಿನ ಹಾಲಿಗೆ ಒಣಮೆಣಸಿನಕಾಯಿ ತೊಟ್ಟು ಹಾಕಿ ಇಡುವುದು. ಒಂದೊಂದು ಮನೆಯದು ಒಂದೊಂದು ಗಡಿಗೆ, ಒಬ್ಬರದು ಒಬ್ಬರಿಗೆ ದಾಟುವುದಿಲ್ಲ. ಯಾರೂ ಕೇಳುವುದಿಲ್ಲ, ಯಾರೂ ಕೊಡುವುದಿಲ್ಲ. ಲೋಟ ಹಿಡಿದು ಒಬ್ಬರ ಬಾಗಿಲಿಗೆ ಒಬ್ಬರು ಹೋಗುವುದೇ ನಿಂತುಹೋಗಿದೆ. ಸಂಜೆಯ ಹೊತ್ತು ಬೀದಿಯಲ್ಲಿ ಆಗುತ್ತಿದ್ದ ಮಾತುಕತೆಯೂ ಅದರ ಜೊತೆಗೇ ಹೋಯಿತು.

ಮೊನ್ನೆ ಹೊತ್ತು ಇಳಿಯುವಾಗ, ಇನ್ನೂ ದೀಪ ಹಚ್ಚಿರಲಿಲ್ಲ, ಅಂಗಳದಲ್ಲಿ ಚಪ್ಪಲಿಯ ಟಪಟಪ ಸದ್ದಾಯಿತು.

"ಮುಬೀನಾ ಅಲ್ವೇನೇ?" ಎಂದಳು ಓಬಳಮ್ಮ ತೊಲೆ ನೋಡುತ್ತಲೇ.

"ಹೂಂ ಓಬಳಕ್ಕ, ನಾನೇ." ಮುಬೀನಾ ಹೊಸಿಲಿನಾಚೆಗೇ ನಿಂತಳು. ಸೆರಗಿನ ಕೆಳಗೆ ಸ್ಟೀಲಿನ ಲೋಟ ಹಿಡಿದಿದ್ದಳು. ಒಳಗಿನಿಂದ ಬಂದು ನಿಂತ ವನಜಾಕ್ಷಿಯ ಮುಖ ನೋಡಿ ತಡವರಿಸಿದಳು. "ತೊಟ್ಟು ಹಾಕಿದ್ರೆ ನಮ್ಮನೇಲಿ ಮೊಸರೇ ಆಗ್ತಿಲ್ಲ ಮೇಡಂ. ಮೂರು ಸಲ ಹಾಲು ಕೆಟ್ಟೋಯ್ತು. ಅತ್ತೆಗೆ ಮೊಸರನ್ನ ಬಿಟ್ರೆ ಬೇರೆ ಏನೂ ಗಂಟಲಲ್ಲಿ ಇಳೀತಿಲ್ಲ. ಅದಕ್ಕೇ..."

"ಕೊಡೇ ವನಜ" ಎಂದಳು ಓಬಳಮ್ಮ ಒಳಗಿನಿಂದ. ಅವಳ ದನಿಯಲ್ಲಿ ಎಷ್ಟೋ ದಿನದಿಂದ ಇಲ್ಲದ ಉತ್ಸಾಹ ಬಂದಿತ್ತು. "ಹೆಪ್ಪು ಕೇಳ್ಕೊಂಡು ಬಂದವ್ಳೆ, ಕೊಡು ಕೊಡು!"

ವನಜಾಕ್ಷಿ ಗಡಿಗೆಯ ಮುಚ್ಚಳ ತೆಗೆದಳು. ಈ ಮೊಸರನ್ನು ಅವಳೇ ತೊಟ್ಟು ಹಾಕಿ ಮಾಡಿದ್ದು. ಪ್ರಹ್ಲಾದನಿಗೆ ಕಳಿಸಿ ಪರೀಕ್ಷೆಯನ್ನೂ ಮಾಡಿಸಿದ್ದಳು. ಏನೂ ಇಲ್ಲ, ಶುದ್ಧವಾಗಿದೆ ಎಂದು ಅವನು ಹೇಳಿದ್ದ. ಅವಳಿಗೂ ಅದು ಗೊತ್ತು. ಒಂದು ಚಮಚ ತೆಗೆದುಕೊಂಡು ಹೊಸಿಲಿನವರೆಗೆ ಬಂದಳು. ಮುಬೀನಾ ಲೋಟ ಮುಂದೆ ಚಾಚಿದಳು.

ವನಜಾಕ್ಷಿಯ ಕೈ ಮುಂದಕ್ಕೆ ಹೋಗಲಿಲ್ಲ. ಹೋಗು ಎಂದರೂ ಹೋಗಲಿಲ್ಲ. ಚಮಚದ ಅಂಚಿನಿಂದ ಒಂದು ಹನಿ ನೆಲಕ್ಕೆ ಬಿತ್ತು. ವನಜಾಕ್ಷಿ ಬಗ್ಗಿ ಅದನ್ನು ಸೆರಗಿನಿಂದ ಒರೆಸಿದಳು, ಮತ್ತೆ ಮತ್ತೆ ಒರೆಸಿದಳು.

ಮುಬೀನಾ ನೋಡಿದಳು. ಅವಳಿಗೆ ಅರ್ಥವಾಯಿತು. ಲೋಟವನ್ನು ಸೆರಗಿನೊಳಗೆ ಸೇರಿಸಿಕೊಂಡು, "ಬಿಡಿ ಮೇಡಂ, ಇನ್ನೊಂದ್ಸಲ ತೊಟ್ಟೇ ಹಾಕಿ ನೋಡ್ತೀನಿ" ಎಂದು ಒಳಗೆ ಕೇಳದ ಹಾಗೆ ಪಿಸುಗುಟ್ಟಿ, ಬರಿಗೈಯಲ್ಲಿ ಅಂಗಳ ದಾಟಿ ಹೋದಳು.

"ಕೊಟ್ಟೆಯೇನೇ?" ಎಂದಳು ಓಬಳಮ್ಮ.

"ಕೊಟ್ಟೆ ಕಣಕ್ಕ."

"ಎಷ್ಟು ಕೊಟ್ಟೆ?"

"ಒಂದ್ ಚಮಚ."

"ಇನ್ನೊಂಚೂರು ಹಾಕ್ಬಾರ್ದಿತ್ತಾ? ಮುದುಕಿಗಂತೆ, ಪಾಪ." ಓಬಳಮ್ಮ ಸಮಾಧಾನದಿಂದ ಕಣ್ಣು ಮುಚ್ಚಿದಳು. "ಹೋಗ್ಲಿ ಬಿಡು, ನಾಳೆ ಬಂದ್ರೆ ಕೊಡು. ಬಾಗ್ಲಿಗೆ ಬಂದೋರ್ನ ಬರಿಗೈಲಿ ಕಳಿಸ್ಬಾರ್ದು ಕಣೆ."

"ಇಲ್ಲ ಅಕ್ಕ, ಕಳಿಸಲ್ಲ" ಎಂದಳು ವನಜಾಕ್ಷಿ. ಚಮಚದ ಮೊಸರನ್ನು ಮತ್ತೆ ಗಡಿಗೆಗೇ ಹಾಕಿ, ತಟ್ಟೆ ಮುಚ್ಚಿ, ದೀಪ ಹಚ್ಚಲು ಎದ್ದಳು.